ಉಜ್ಜಿದ ಕೈಯೇ ಸಾಕ್ಷಿ

ಊರ್ಡಿಗೆರೆಯ ಸ್ವರ್ಣಲತಾಳ ಮೈಮೇಲೆ ಮೂರು ತಿಂಗಳಿಂದ ಕೆಂಪಗೆ ಊದಿ ನವೆಯಾಗುವ ಗಂಧೆ ಏಳುತ್ತಿತ್ತು. ಬೆಳಿಗ್ಗೆ ತೋಳಿನಲ್ಲಿ, ಸಂಜೆ ತೊಡೆಯಲ್ಲಿ. ಅತ್ತೆ ರಂಗಲಕ್ಷ್ಮಮ್ಮನಿಗೆ ಗೊತ್ತಿದ್ದ ಮದ್ದು ಒಂದೇ: ಕರಿಕಂಬಳಿಯಲ್ಲಿ ಉಜ್ಜುವುದು. ಉಜ್ಜಿದಷ್ಟೂ ಗಂಧೆ ಹೆಚ್ಚುತ್ತಿತ್ತು.

ಸತ್ಯಮಂಗಲದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಚನ್ನೇಶ್ ಅವಳ ತೋಳು ನೋಡಿದ. "ಎಲ್ರಿಗೂ ಅಂಟಿಸ್ತೀಯ. ವಾಸಿಯಾದ್ಮೇಲೆ ಬಾ" ಎಂದು ಮಿಷನ್ ಮುಂದಿನಿಂದ ಎಬ್ಬಿಸಿ ಕಳಿಸಿದ.

ಮರುದಿನ ಆಶಾ ಕಾರ್ಯಕರ್ತೆ ಪ್ರಮೀಳಾ ಮನೆಗೆ ಬಂದಾಗಲೂ ಅತ್ತೆ ಉಜ್ಜುತ್ತಲೇ ಇದ್ದಳು.

"ಎಮ್ಮೆ ಉಜ್ಜಿದಂಗೆ ಉಜ್ತಿದೀರಲ್ಲಮ್ಮ. ಬುಡಿ ಸಾಕು."

"ಪಿತ್ತ ಕಣವ್ವ. ನಮ್ಮತ್ತೆ ನಂಗೂ ಹಿಂಗೇ ಉಜ್ಜಿದ್ರು. ಎರಡು ದಿನಕ್ಕೆ ಹೋಯ್ತು."

"ಕಂಬ್ಳಿ ಇಲ್ದಿದ್ರೂ ಹೋಗ್ತಿತ್ತು. ಆರು ವಾರ ದಾಟಿದ್ರೆ ಡಾಕ್ಟ್ರು ನೋಡ್ಬೇಕು. ರಕ್ತ ಟೆಸ್ಟ್ ಮಾಡ್ತಾರೆ."

"ರಕ್ತ ಕೆಟ್ಟೈತೆ ಅಂತ ಬಂದ್ರೆ? ಊರೆಲ್ಲ ಆಡ್ಕೊಳ್ತದೆ."

"ಈಗೇನು ಹೊಗಳ್ತಾವ್ರಾ?" ಎನ್ನುತ್ತಾ ಸ್ವರ್ಣಲತಾ ಚಪ್ಪಲಿ ಮೆಟ್ಟಿ ತುಮಕೂರು ಬಸ್ಸಿಗೆ ಹೊರಟಳು.

ವರದಿ ಬಂದ ದಿನ ಪ್ರಮೀಳಾ ಮತ್ತೆ ಮನೆಗೆ ಬಂದು ಓದಿ ಹೇಳಿದಳು. ರಕ್ತದಲ್ಲಿ ಸಿಆರ್‌ಪಿ ಎಂಬ ಅಂಶ ಸ್ವಲ್ಪ ಹೆಚ್ಚಿತ್ತು.

"ನಾನು ಹೇಳ್ಲಿಲ್ವಾ, ಕೆಟ್ಟೈತೆ" ಎಂದಳು ಅತ್ತೆ.

"ಕೆಟ್ಟಿಲ್ಲ" ಎಂದಳು ಪ್ರಮೀಳಾ. "ಒಳಗೆ ಉರಿಯೂತ ಇದ್ರೆ ಇದು ಏರ್ತದೆ, ಒಲೆ ಉರಿದ್ರೆ ಹೊಗೆ ಬಂದಂಗೆ. ಯಾವ ಸೌದೆ ಅಂತ ಹೊಗೆ ಹೇಳಲ್ಲ. ಅದಕ್ಕೇ ಡಾಕ್ಟ್ರು ಎಲ್ಲಾದ್ರೂ ಸೋಂಕು ಐತಾ ಅಂತ ಗಂಟ್ಲು, ಹಲ್ಲು ಎಲ್ಲಾ ನೋಡಿ ಮಾತ್ರೆ ಕೊಟ್ಟಿರೋದು."

"ಅಂಟುತ್ತಾ?"

"ಮೂರು ತಿಂಗ್ಳು ದಿನಾ ಉಜ್ಜಿದ್ರಲ್ಲ, ನಿಮ್ಗೆ ಒಂದಾದ್ರೂ ಎದ್ದಿದ್ಯಾ?"

ಅತ್ತೆ ಅಂಗೈ ತಿರುಗಿಸಿ ನೋಡಿಕೊಂಡಳು.

ಸೋಮವಾರ ಸೊಸೆಯ ಜೊತೆ ಅವಳೂ ಫ್ಯಾಕ್ಟರಿ ಗೇಟಿಗೆ ಬಂದಳು. "ಇನ್ನೂ ವಾಸಿಯಾಗಿಲ್ವಲ್ಲ" ಎಂದ ಚನ್ನೇಶ್.

"ಮಾತ್ರೆ ನಡೀತಿದೆ. ಅಂಟೋ ಕಾಯಿಲೆ ಅಲ್ಲ ಅಂತ ಡಾಕ್ಟ್ರು ಬರೆದವ್ರೆ. ಓದಿ ಸಾರ್" ಎಂದಳು ಸ್ವರ್ಣಲತಾ.

ಚೀಟಿ ಮುಟ್ಟಲೂ ಅವನು ಹಿಂಜರಿದ. ರಂಗಲಕ್ಷ್ಮಮ್ಮ ಎರಡೂ ಕೈ ಅವನ ಮುಖದ ಮುಂದೆ ಚಾಚಿದಳು.

"ಮೂರು ತಿಂಗ್ಳು ಅವಳ ಮೈ ಉಜ್ಜಿರೋ ಕೈ ಕಣಪ್ಪ ಇದು. ಹುಡುಕು, ಎಲ್ಲೈತೆ ಗಂಧೆ?"

ಚನ್ನೇಶ್ ಚೀಟಿ ತೆಗೆದುಕೊಂಡು ಓದಿದ. ನಂತರ ಪಕ್ಕಕ್ಕೆ ಸರಿದ. ಸ್ವರ್ಣಲತಾ ತೋಳು ಮುಚ್ಚಿಕೊಳ್ಳದೆ ಒಳಗೆ ನಡೆದಳು.

ಗಂಧೆ ಆರು ವಾರ ದಾಟಿದರೆ ನೀವೂ ಆಸ್ಪತ್ರೆಗೆ ಹೋಗಿ. ರಕ್ತದ ವರದಿ ಸರಿಯಾಗಿದ್ದರೂ ನಿಮ್ಮ ನವೆ ಸುಳ್ಳಲ್ಲ, ಚಿಕಿತ್ಸೆ ಕೇಳಿ ಪಡೆಯಿರಿ. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಓಡಿ. ಅಂಟುತ್ತದೆ ಎಂದು ಯಾರಾದರೂ ದೂರ ತಳ್ಳಿದರೆ ತಲೆ ತಗ್ಗಿಸಬೇಡಿ. ಕಂಬಳಿ ಇರುವುದು ಹೊದೆಯಲು.