ಒಂದು ಮೊರ ತೌಡು

ತಾಳ್ಯದ ಟೀ ಅಂಗಡಿ ಮುಂದೆ ಕೂತು ಕುರಿಗಾಹಿ ತಿಮ್ಮರಾಯಪ್ಪ ಒಂದು ಸುಳ್ಳು ಹೇಳಿದನೆಂದರೆ, ಆ ಸುಳ್ಳು ರೈಲಿಗಿಂತ ಮುಂಚೆ ರಾಮಗಿರಿ ಸ್ಟೇಷನ್ನಿನಲ್ಲಿ ಇಳಿದು ಬೀಡಿ ಹಚ್ಚಿಕೊಂಡು ಕೂತಿರುತ್ತಿತ್ತು. ಅವನ ಮೀಸೆಗೆ ಎರಡು ಟಗರು ಕಟ್ಟಬಹುದಿತ್ತು; ಕಟ್ಟಿದರೆ ಟಗರುಗಳೇ ಸುಸ್ತಾಗುತ್ತಿದ್ದವು. ಅವನು ನಕ್ಕರೆ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹಿರಿಯೂರು ತಾಲ್ಲೂಕು ಸೇರುತ್ತಿದ್ದವು. ಕುರಿ ಕಾಯುವುದು ಅವನಿಗೆ ಹೆಸರಿಗಷ್ಟೇ ಕಸುಬು. ಅಸಲಿ ಕಸುಬು ಮಂದಿಯನ್ನು ನಗಿಸುವುದು. ಆ ಕಸುಬಿಗೆ ಅವನಲ್ಲಿದ್ದ ಭಾರೀ ಸರಕು ಎಂದರೆ ಆರು ವರ್ಷದ ಮೊಮ್ಮಗಳು ಮೋನಿಕಾ.

ಶಾಲೆಗೆ ಬಿಡುವ ದಾರಿಯಲ್ಲಿ ದಿನಾ ಅವಳನ್ನು ಅಂಗಡಿಯ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ.

"ಯಾರ ಮಗಳೇ ನೀನು?"

"ಕಾಳಕ್ಕನ ಮಗಳು."

"ಎಷ್ಟಕ್ಕೆ ತಗಂಡ್ವಿ ನಿನ್ನ?"

"ಒಂದು ಮೊರ ತೌಡಿಗೆ."

ಅಂಗಡಿಯ ಮೂರ್ತಪ್ಪ ಟೀ ಸೋಸುವುದನ್ನೇ ನಿಲ್ಲಿಸಿ, "ಮೋಸ ಹೋದ್ಯಲ್ಲೋ ತಿಮ್ಮರಾಯ! ಅಷ್ಟು ತೌಡು ಎಮ್ಮೆಗೆ ಹಾಕಿದ್ರೆ ಹಾಲಾದ್ರೂ ಕೊಡ್ತಿತ್ತು" ಎನ್ನುತ್ತಿದ್ದ. ಬೆಂಚು ಮುರಿಯುವಷ್ಟು ನಗು. ಮೋನಿಕಾಳೂ ನಗುತ್ತಿದ್ದಳು. ನಗದಿದ್ದರೆ ಮತ್ತೆ ಮೊದಲಿಂದ ಕೇಳುತ್ತಾರೆಂಬುದು ಅವಳಿಗೆ ಗೊತ್ತಾಗಿಹೋಗಿತ್ತು.

ತೌಡಿನ ಮಾತು ಪೂರಾ ಸುಳ್ಳೇನಲ್ಲ. ಇವಳಿಗಿಂತ ಮುಂಚೆ ಸೊಸೆ ಚೌಡೇಶ್ವರಿ ಹೆತ್ತ ಎರಡು ಕೂಸುಗಳು ಕಣ್ಣು ಬಿಡುವುದರೊಳಗೆ ಹೋಗಿಬಿಟ್ಟಿದ್ದವು. ಮೂರನೆಯದು ಹುಟ್ಟಿದಾಗ ಅಜ್ಜಿ ಮಲ್ಲಕ್ಕ ಊರ ಪದ್ಧತಿಯಂತೆ ಅದನ್ನು ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲಿಟ್ಟಳು. ಪಕ್ಕದ ಬೀದಿಯ ಕಾಳಕ್ಕ, ಐದು ಮಕ್ಕಳನ್ನು ಉಳಿಸಿಕೊಂಡವಳು, ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದು "ಮಗು ಬೇಕೇನ್ರಿ?" ಎಂದು ಕೂಗಿದಳು. ಮಲ್ಲಕ್ಕ ಅದೇ ಮೊರದ ತುಂಬ ತೌಡು ಕೊಟ್ಟು ಕೊಂಡಳು. ಕಂಡವರ ಕೂಸು, ಕವಡೆ ಬೆಲೆಯದು ಎಂದು ಸಾವು ಮೂಗು ಮುರಿದು ಹೋಗಲಿ ಅಂತ. ಆವತ್ತು ಬಾಗಿಲ ಹಿಂದೆ ನಿಂತು ಗಳಗಳ ಅತ್ತವನೂ ಇದೇ ತಿಮ್ಮರಾಯಪ್ಪ. ಅದನ್ನು ಮಾತ್ರ ಅವನು ಟೀ ಅಂಗಡಿಯಲ್ಲಿ ಹೇಳುತ್ತಿರಲಿಲ್ಲ. ಅದಕ್ಕೆ ಯಾರು ನಗುತ್ತಾರೆ?

ಈಗ ಮನೆಗೆ ಗಂಡು ಕೂಸು ಬಂತು. ತಿಮ್ಮರಾಯಪ್ಪನ ನಾಲಿಗೆಗೆ ಹೊಸ ಸಾಣೆ ಹಿಡಿದಂತಾಯಿತು. ತೊಟ್ಟಿಲ ಪಕ್ಕ ನಿಂತಿದ್ದ ಮೋನಿಕಾಳಿಗೆ ಒಂದು ದಿನ ಹೇಳಿದ:

"ಮುಗೀತು ನಿನ್ ಕಥೆ. ಸೋಮವಾರ ಮಜ್ಜಿಗೆಗೆ ಬರ್ತಾಳಲ್ಲ ಕಾಳಕ್ಕ, ಒಂದು ಮಗೂನ ವಾಪಸ್ ತಗಂಡ್ ಹೋಗ್ತಾಳಂತೆ."

"ಒಂದೇನಾ ತಾತ?"

"ಒಂದೇ."

"ಯಾವುದಾದ್ರೂ ಆಗ್ತೈತಾ?"

ಇಂಥ ಪ್ರಶ್ನೆ ಸಿಕ್ಕರೆ ಬಿಡುವ ಗಂಡೇ ಅವನು? "ಒಂದು ಮೊರ ತೌಡಿನ ತೂಕ ಇದ್ರೆ ಆತು! ಬೇಕಾದ್ರೆ ತಾಯಾಣೆ" ಎಂದು ತಲೆ ಮುಟ್ಟಿಕೊಂಡ.

ಮಲ್ಲಕ್ಕ ಒಳಗಿನಿಂದ ಬಂದಳು. "ಸಾಕು ಬಿಡ್ರಿ ನಿಮ್ ತಮಾಷೆ. ಹುಡುಗಿ ರಾತ್ರಿ ಹಾಸಿಗೇಲಿ ಉಚ್ಚೆ ಹೊಯ್ಕಣಾಕೆ ಶುರು ಮಾಡೈತೆ."

"ನಮ್ಮಪ್ಪ ನನ್ನ ಕರಡಿ ಕುಣಿಸೋನಿಗೆ ಕೊಡ್ತೀನಿ ಅಂತಿದ್ದ. ನಾನೇನ್ ಸತ್ತೋದ್ನಾ? ಮಕ್ಕಳು ಗಟ್ಟಿ ಆಗ್ಬೇಕು ಕಣೇ."

"ಗಟ್ಟಿ ಆಗಿದ್ದಕ್ಕೇ ನೀವು ಹಿಂಗಿರಾದು" ಎಂದು ಮಲ್ಲಕ್ಕ ಒಳಗೆ ಹೋದಳು.

ಮರುದಿನ ಬೆಂಚಿನ ಮೇಲೆ ಹೊಸ ಆಟ ನಡೆಯಿತು. "ತೌಡಿನ ಮಗಳು ರಾತ್ರಿಯೆಲ್ಲ ಕೆರೆ ತುಂಬಿಸ್ತಾಳಪ್ಪ! ಕೋಡಿ ಬಿದ್ದು ನಮ್ ಕುರಿ ಎಲ್ಲ ಹೊಸದುರ್ಗದ ಕಡೆ ತೇಲಿಹೋದ್ವು!" ಮೂರ್ತಪ್ಪ ಹೊಟ್ಟೆ ಹಿಡಿದುಕೊಂಡ. ಆವತ್ತು ಮೋನಿಕಾ ನಗಲಿಲ್ಲ. ಯಾರೂ ಅದನ್ನು ನೋಡಲೂ ಇಲ್ಲ.

ಸೋಮವಾರ ಅವಳು ಹೊಟ್ಟೆನೋವೆಂದು ಶಾಲೆಗೆ ಹೋಗಲಿಲ್ಲ. ಮಧ್ಯಾಹ್ನ ತಿಮ್ಮರಾಯಪ್ಪ ಉಣ್ಣಲು ಮನೆಗೆ ಬಂದಾಗ ಚೌಡೇಶ್ವರಿ ನಲ್ಲಿಯಿಂದ ಕೊಡ ಹೊತ್ತು ಆಗ ತಾನೇ ಒಳಗೆ ಕಾಲಿಟ್ಟಿದ್ದಳು. ಕೊಡ ಬಿದ್ದ ಸದ್ದಿನ ಹಿಂದೆಯೇ ಅವಳ ಚೀರಾಟ ಕೇಳಿತು. ತೊಟ್ಟಿಲು ಖಾಲಿ.

ಚೌಡೇಶ್ವರಿ ಬೀದಿಗೆ ಓಡಿದಳು, ಅವನು ಹಿತ್ತಲಿಗೆ ಓಡಿದ. ತಿಪ್ಪೆಯ ಮೇಲೆ, ಸುಡುವ ಬಿಸಿಲಿನಲ್ಲಿ ಮೊರ. ಮೊರದಲ್ಲಿ ತೌಡು ಹರಡಿ, ಅದರ ಮೇಲೆ ಕೂಸು. ಅತ್ತು ಅತ್ತು ಅದರ ದನಿ ಬಿದ್ದುಹೋಗಿತ್ತು. ಕೆನ್ನೆಯ ಮೇಲೆ ಕೆಂಪಿರುವೆ ಹರಿದಾಡುತ್ತಿದ್ದವು. ಬೀದಿನಾಯಿಯೊಂದು ತೌಡಿನ ವಾಸನೆಗೆ ಹತ್ತಿರ ಬರುತ್ತಿತ್ತು. ಮೋನಿಕಾ ಕೋಲು ಹಿಡಿದು ಅದನ್ನು ಅಟ್ಟುತ್ತ, ಬೀದಿಯ ಕಡೆ ನೋಡುತ್ತ ನಿಂತಿದ್ದಳು.

ತಿಮ್ಮರಾಯಪ್ಪ ಕೂಸನ್ನು ಬಾಚಿಕೊಂಡು ಇರುವೆಗಳನ್ನು ಒರೆಸಿದ. ಬೀದಿಯಿಂದ ಓಡಿಬಂದ ಚೌಡೇಶ್ವರಿ ಅವನ ಕೈಯಿಂದ ಅದನ್ನು ಕಿತ್ತುಕೊಂಡು ಒಳಗೆ ಹೋದಳು. ಆಮೇಲೆ ಅವನು ಮೊಮ್ಮಗಳ ಮೇಲೆ ಕೈ ಎತ್ತಿದ.

ಅವಳು ತಪ್ಪಿಸಿಕೊಳ್ಳಲಿಲ್ಲ.

"ತೂಕ ಐತೆ ತಾತ. ನನಗಿಂತ ಅವ್ನೇ ಗುಂಡಗವ್ನೆ" ಎಂದಳು. "ಕಾಳಕ್ಕಂಗೆ ಅವ್ನನ್ನೇ ಕೊಡು. ನಾನು ಇನ್ಮೇಲೆ ಹಾಸಿಗೆ ಒದ್ದೆ ಮಾಡಲ್ಲ."

ಅವನು ಎತ್ತಿದ ಕೈಯನ್ನು ಇಳಿಸಿದ. ಆಮೇಲೆ ತಿಪ್ಪೆಯ ಅಂಚಿನಲ್ಲೇ ಕೂತ.

"ಅದು ಸುಳ್ಳು ಕಣವ್ವ. ಕಾಳಕ್ಕ ಯಾರನ್ನೂ ಕರ್ಕಂಡ್ ಹೋಗಲ್ಲ. ನೀನು ನಮ್ ಮಗಳೇ. ನೀನು ಉಳೀಲಿ ಅಂತ ಹಂಗೆ ಮಾಡಿದ್ದು. ತಾಯಾಣೆ."

"ಅವತ್ತೂ ತಾಯಾಣೆ ಅಂದಿದ್ದೆ" ಎಂದಳು ಮೋನಿಕಾ.

ಕೂಸು ಎರಡು ದಿನ ಜ್ವರದಲ್ಲಿ ನರಳಿ ಹುಷಾರಾಯಿತು. ಚೌಡೇಶ್ವರಿ ಮಾವನ ಜೊತೆ ಮಾತು ಬಿಟ್ಟಳು. ಮಗಳನ್ನು ತೊಟ್ಟಿಲ ಹತ್ತಿರ ಬಿಟ್ಟುಕೊಳ್ಳುವುದನ್ನೂ ಬಿಟ್ಟಳು. ಟೀ ಅಂಗಡಿಯಲ್ಲಿ ಮೂರ್ತಪ್ಪ, "ಲೇ ತಿಮ್ಮರಾಯ, ನಿನ್ ಮೊಮ್ಮಗಳು ಯಾಪಾರಕ್ಕೆ ಇಳಿದವ್ಳಂತೆ! ನಿಲ್ಸಪ್ಪ ಬೆಂಚಿನ ಮೇಲೆ, ಕೇಳಾಣ" ಎಂದ. ಎಲ್ಲರೂ ನಗಲು ತಯಾರಾಗಿ ಕೂತಿದ್ದರು. ತಿಮ್ಮರಾಯಪ್ಪ ಮೊಮ್ಮಗಳ ಕೈ ಹಿಡಿದು ನಡೆದೇಬಿಟ್ಟ. "ಹುಷಾರಿಲ್ಲೇನೋ ಪಾಪ" ಎಂದು ಹಿಂದಿನಿಂದ ಯಾರೋ ಅಂದರು, ಅದಕ್ಕೂ ನಕ್ಕರು.

ಮುಂದಿನ ಸೋಮವಾರ ಭಾನುವಾರದ ಬೆನ್ನು ಹತ್ತಿ ಬಂದೇ ಬಂತು. "ಮಲ್ಲಕ್ಕಾ, ಮಜ್ಜಿಗೆ ಐತೇನವ್ವಾ?" ಎಂದು ಅಂಗಳದಲ್ಲಿ ಕಾಳಕ್ಕನ ದನಿ ಕೇಳಿದ್ದೇ ಮೋನಿಕಾ ಮಾಯ.

ತಿಮ್ಮರಾಯಪ್ಪ ಅವಳನ್ನು ಕುರಿ ರೊಪ್ಪದಲ್ಲಿ ಕಂಡ. ಮರಿಗಳ ನಡುವೆ, ಅವನದೇ ಕಂಬಳಿಯ ಕೆಳಗೆ, ಮುದುರಿಕೊಂಡು ಕೂತಿದ್ದಳು. ಅವನ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು, ಹೊಳಲ್ಕೆರೆಯನ್ನೆಲ್ಲ ಒಂದು ವರ್ಷ ನಗಿಸುವಂಥದ್ದು. ನುಂಗಿಕೊಂಡ. ಮಂಡಿಯೂರಿ ಒಳಗೆ ತೆವಳಿದ. ಮೀಸೆಗೆ ಕುರಿ ಹಿಕ್ಕೆ ಮೆತ್ತಿತು.

"ಮಾತಾಡಬ್ಯಾಡ ತಾತ. ಕೇಳಿಸ್ಕಂತಾಳೆ."

ಅವನು ಕಂಬಳಿಯನ್ನು ತನ್ನ ತಲೆಯ ಮೇಲೂ ಎಳೆದುಕೊಂಡ. ಕಾಳಕ್ಕ ಮಜ್ಜಿಗೆ ಕುಡಿದಳು, ಮಳೆಯ ಸುದ್ದಿ ಆಡಿದಳು, ಎದ್ದಳು.

"ಹೋದ್ಲಾ?"

ಹೋದಳು ಎಂದರೆ ಇವಳು ನಂಬುವುದಿಲ್ಲ. ಅವನು ಅವಳನ್ನು ಎತ್ತಿ ರೊಪ್ಪದ ಬೇಲಿಯ ಮೇಲಿಂದ ತೋರಿಸಿದ. ಕಾಳಕ್ಕ ಬೀದಿಯಲ್ಲಿ ಬರಿಗೈಯಲ್ಲಿ ನಡೆದು ಹೋಗುತ್ತಿದ್ದಳು. ತಿರುವಿನಲ್ಲಿ ಅವಳ ಸೆರಗು ಮರೆಯಾಗುವವರೆಗೂ ಮೋನಿಕಾ ಅವನ ಕಿವಿಯನ್ನು ಹರಿದುಹೋಗುವಂತೆ ಹಿಡಿದಿದ್ದಳು.

"ಮುಂದಿನ ಸೋಮವಾರ?" ಎಂದು ಕೇಳಿದಳು.

ಅವನು ಕಂಬಳಿ ಕೊಡವಿ, ಮಡಚಿ, ಮರಿಗಳ ಪಕ್ಕದಲ್ಲಿ ಇಬ್ಬರಿಗಾಗುವಷ್ಟು ಜಾಗ ಗುಡಿಸಿ ಇಟ್ಟ.