ಎಂಜಿನ್ ಹಿಡಿದವನು

ಬೈಂದೂರಿನ ಸಭಾಭವನದಲ್ಲಿ ಕುಷ್ಟ ಹತ್ತನೆಯ ಮಂಗಳವಾರವೂ ಅದೇ ಚಿತ್ರ ಬಿಡಿಸುತ್ತಿದ್ದ. ಹೊಳೆ ಕಡಲು ಸೇರುವ ಅಳಿವೆ, ಮಗುಚುವ ದೋಣಿ, ಒಳಗೆ ಇಬ್ಬರು. ಮುಂದೆ ಕುಳಿತವನಿಗೆ ತನ್ನ ನೀಲಿ ಅಂಗಿ, ಹಿಂದೆ ಎಂಜಿನ್ ಹಿಡಿದವನಿಗೆ ಬಾವ ಸುಂದರನ ಕೆಂಪು ಅಂಗಿ. ನಾಲ್ಕು ತಿಂಗಳ ಹಿಂದೆ ಸುಂದರ ಅಲ್ಲೇ ಮುಳುಗಿ ಸತ್ತ, ಕುಷ್ಟ ಹೇಗೋ ದಡ ಸೇರಿದ. ಆಮೇಲೆ ಅವನಿಗೆ ನಿದ್ದೆಯೂ ಇಲ್ಲ, ಮಾತೂ ಇಲ್ಲ. ಬಣ್ಣ ಕೊಟ್ಟು ಮನಸ್ಸಿನ ಗಾಯ ಮಾಗಿಸುವುದೇ ಕೆಲಸವಾದ ಅಮಿತಾ, ಒಂದು ದಿನವೂ ಏನಾಯಿತೆಂದು ಕೇಳಿರಲಿಲ್ಲ.

ಅಳಿವೆಯಲ್ಲಿ ಅಲೆ ನೋಡಿ ನುಗ್ಗಬೇಕೋ ಕಾಯಬೇಕೋ ಎಂದು ತೀರ್ಮಾನಿಸುವವನು ಎಂಜಿನ್ ಹಿಡಿದವನು. ತಪ್ಪಿದರೆ ತಪ್ಪೂ ಅವನದೇ. ದೋಣಿ ಸುಂದರನದು, ಹಾಗಾಗಿ ಎಂಜಿನ್ನೂ ಅವನ ಕೈಯಲ್ಲೇ ಇತ್ತೆಂದು ಊರು ತಾನೇ ತೀರ್ಪು ಕೊಟ್ಟುಬಿಟ್ಟಿತು. ಊರಿನ ಬಾಯಿಗೆ ಸಾಕ್ಷಿ ಯಾಕೆ ಬೇಕು? ಕುಷ್ಟ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸುಂದರನ ಹೆಂಡತಿ ಗಿರಿಜಾ ಕುಷ್ಟನ ಒಡಹುಟ್ಟಿದ ಅಕ್ಕ. ಗಂಡನ ತಪ್ಪಿಗೆ ತಾನು ತಲೆ ತಗ್ಗಿಸಿ ದಿನವೂ ತಮ್ಮನಿಗೆ ಗಂಜಿ ತರುತ್ತಿದ್ದಳು. ಆ ಗಂಜಿಯನ್ನು ಅವನು ಮುಟ್ಟದೆ ಹಾಗೇ ಇಡುತ್ತಿದ್ದ.

ಇವತ್ತು ಮನೆಯವರೂ ಬರಬಹುದೆಂದು ಅಮಿತಾ ಹೇಳಿದ್ದರು. ಗಿರಿಜಾ ಬಂದು ಪಕ್ಕದಲ್ಲೇ ಕುಳಿತಳು. ಹಾಳೆ ನೋಡಿದವಳೇ ಸೆರಗನ್ನು ಬಾಯಿಗೊತ್ತಿಕೊಂಡಳು.

"ಅವ್ರ್ ಮೇಲ್ ಸಿಟ್ಟ್ ಇಟ್ಕಣ್ಬೇಡ ಮಾರಾಯಾ. ನಿನ್ ಜೀವಕ್ಕೂ ಕುತ್ತ್ ತಂದ್ರ್."

ಕುಷ್ಟ ಕುಂಚವನ್ನು ನೀಲಿಯಲ್ಲಿ ಅದ್ದಿದ. ಎಂಜಿನ್ ಹಿಡಿದವನ ಕೆಂಪಂಗಿಯ ಮೇಲೆ ಬಳಿದ. ಹಸಿ ಬಣ್ಣಗಳು ಕಲೆತು ಕೊಳಕಾದವು. ಹಾಳೆ ಹರಿಯುವಂತೆ ಮತ್ತೆ ಬಳಿದ. ಅಮಿತಾ ತಡೆಯಲಿಲ್ಲ.

"ಎಂತ ಇದ್?" ಗಿರಿಜಾಳ ದನಿ ಸಣ್ಣಗಾಯಿತು.

"ಎಂಜಿನ್ ನನ್ ಕೈಯಗಿತ್ತ್ ಅಕ್ಕಾ. ಆವತ್ತ್ ನಾನೇ ಕೇಂಡ್ ತಕಂಡದ್. ಅಲೆ ಇಳಿಲಿ, ತಡಿ ಅಂದ್ರ್ ಬಾವ. ನಾನ್ ಕೇಣ್ಲಿಲ್ಲೆ."

ನಾಲ್ಕು ತಿಂಗಳಲ್ಲಿ ಅವನು ಆಡಿದ್ದು ಇಷ್ಟೇ. ಈಗ ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಗಿರಿಜಾ ಕೈ ಎತ್ತಲಿಲ್ಲ, ಅಳಲೂ ಇಲ್ಲ.

"ಮಗ ಮಾಡದ್ ತಪ್ಪಂದೇಳಿ ನಮ್ಮತ್ತೆ ನಾಕ್ ತಿಂಗ್ಳಿಂದ ಅಂಗ್ಳಕ್ ಇಳಿಲಿಲ್ಲೆ," ಎಂದಳು. "ಏಳ್. ಈಗ್ಳೇ ನಡಿ. ಅವ್ರೆದ್ರ್ ನಿಂತ್ ಹೇಳ್."

ಕುಷ್ಟ ಎದ್ದ. ಗಿರಿಜಾ ಅವನ ಕೈ ಹಿಡಿಯಲಿಲ್ಲ. ಆದರೆ ಬಾಗಿಲ ತನಕ ಹೋಗಿ, ತಿರುಗಿ ನೋಡದೆ, ಅವನು ಬರುವವರೆಗೂ ನಿಂತಳು.