ಹೆಸರೊಂದನ್ನು ಬಿಟ್ಟು

ಒತಿಲಿಯಾ ಪಾಠ ಹೇಳುತ್ತಾಳೆಂದು ಎರ್ಮಿನಿಯಾ ಮುಂದಿನ ಸಾಲಿನಲ್ಲೇ ಕೂತಳು, ಪಕ್ಕದಲ್ಲಿ ಮಗಳು ಮಾರಿಬೆಲ್‌ಳನ್ನು ಕೂರಿಸಿಕೊಂಡು. ಒತಿಲಿಯಾ ಹೊರಗಿನವಳಲ್ಲ, ಮಾರಿಬೆಲ್‌ಳ ಜ್ಞಾನಸ್ನಾನದಂದು ಮಗುವನ್ನು ಎತ್ತಿ ಹಿಡಿದ ಜ್ಞಾನತಾಯಿ, ಎರ್ಮಿನಿಯಾಳಿಗೆ ಕೊಮಾದ್ರೆ, ಒಡಹುಟ್ಟಿದವಳಿಗಿಂತ ಹೆಚ್ಚು. ಈಗ ಚಿಕಾಗೋದ ಬಡವರ ದವಾಖಾನೆಯೊಂದು ಅವಳಿಗೆ ನೀಲಿ ಕೋಟು ಕೊಟ್ಟು, ಸಕ್ಕರೆ ಕಾಯಿಲೆಯವರಿಗೆ ತಿಳಿಹೇಳುವ ಕೆಲಸಕ್ಕೆ ಇಟ್ಟುಕೊಂಡಿತ್ತು.

"ಕೋಲಾ ಕುಡೀಬೇಡಿ, ಸಿಹಿ ಬನ್ನು ಮುಟ್ಟಬೇಡಿ ಅಂತ ಡಾಕ್ಟ್ರು ಹೇಳ್ತಾರೆ. ಸರಿ. ಆದ್ರೆ ಹೆದರಿಕೇನೂ ಸಕ್ಕರೆ ಏರಿಸುತ್ತೆ, ಗೊತ್ತಾ?" ಎಂದಳು ಒತಿಲಿಯಾ.

"ನನ್ನ ಗಂಡನ್ನ ನೋಡಿದ್ರೆ ದಿನಾ ಏರುತ್ತೆ," ಎಂದಳು ಹಿಂದಿನಿಂದ ಒಬ್ಬಳು. ಎಲ್ಲರೂ ನಕ್ಕರು. ಎರ್ಮಿನಿಯಾಳೂ ನಕ್ಕಳು.

"ನಗಬೇಡ್ರೇ. ನನಗೆ ಗೊತ್ತಿರೋ ಒಬ್ಬಳು, ಹೆಸರು ಹೇಳಲ್ಲ. ಕೆಲಸ ಹೋದಾಗೆಲ್ಲ ಗಂಡ ಕುಡಿದು ಬಂದು ಅವಳನ್ನ ನೆಲಮಾಳಿಗೇಲಿ ಕೂಡಿ ಹಾಕ್ತಿದ್ದ. ಚಳಿಗಾಲ, ಊಟ ಇಲ್ಲ. ಆ ಹೆದರಿಕೆ ರಕ್ತಕ್ಕೇ ಇಳೀತು. ಈವತ್ತಿಗೂ ತಟ್ಟೇಲಿ ಒಂದು ಚೂರು ಬಿಡಲ್ಲ. ಕೋಟಿನ ಜೇಬಲ್ಲಿ ತೊರ್ತಿಯಾ ರೊಟ್ಟಿ ಸುತ್ತಿಟ್ಕೊಂಡೇ ಮನೆ ಬಿಡೋದು. ಅಂಥವಳಿಗೆ ಕಮ್ಮಿ ತಿನ್ನು ಅಂದ್ರೆ ಹೇಗೆ?"

ಎರ್ಮಿನಿಯಾಳ ನಗು ಮುಖದಲ್ಲೇ ಒಣಗಿತು. ಮಾರಿಬೆಲ್ ಕೂಸಾಗಿದ್ದಾಗ ಗಂಡ ಸತ್ತ ಮೇಲೆ, ಮಗಳಿಗೆ ಎಂದೂ ತಿಳಿಯಕೂಡದೆಂದು ಒತಿಲಿಯಾಳಿಂದ ಆಣೆ ಹಾಕಿಸಿಕೊಂಡು ತಾನೇ ಹೇಳಿದ ಮಾತು ಅದು. ಮಾರಿಬೆಲ್ ತಾಯಿಯ ಕೋಟನ್ನೇ ನೋಡುತ್ತಿದ್ದಳು. ಆ ಜೇಬು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಎಷ್ಟೋ ಸಲ ತಮಾಷೆ ಮಾಡಿದ್ದಳು.

ಪಾಠ ಮುಗಿಯುತ್ತಲೇ ಒತಿಲಿಯಾ ಹತ್ತಿರ ಬಂದಳು. "ಹೇಗಿತ್ತು, ಕೊಮಾದ್ರೆ? ಎಷ್ಟು ಜನ ಕಣ್ಣೊರೆಸಿಕೊಂಡ್ರು ನೋಡಿದೆಯಾ?"

"ನನ್ನ ಹೊಟ್ಟೆಯೊಳಗಿಂದ ತೆಗೆದು ಊರಿಗೆಲ್ಲ ಬಡಿಸಿದೆಯಲ್ಲೇ."

"ಅಯ್ಯೋ, ಹೆಸರು ಹೇಳಿಲ್ವಲ್ಲ!"

"ಹೆಸರೊಂದನ್ನ ಬಿಟ್ಟು ಇನ್ನೇನು ಉಳಿಸಿದೆ?"

ಒತಿಲಿಯಾ ಮಾರಿಬೆಲ್‌ಳ ಮುಖ ನೋಡಿದಳು.

ಬಸ್ ನಿಲ್ದಾಣದಲ್ಲಿ ಮಗಳು ಕೇಳಿದಳು: "ಅಪ್ಪನಾ?"

ಇಂಥ ದಿನಕ್ಕೆಂದೇ ಎರ್ಮಿನಿಯಾ ಒಂದು ಸುಳ್ಳನ್ನು ಕಾಪಾಡಿಕೊಂಡಿದ್ದಳು. ಅದು ಬಾಯಿಗೆ ಬರಲಿಲ್ಲ.

"ಹೂಂ."

ಮಗಳು ತಬ್ಬಿಕೊಂಡಾಳು ಎಂದುಕೊಂಡಳು. ಮಾರಿಬೆಲ್ ಒಂದು ಹೆಜ್ಜೆ ಹಿಂದೆ ಸರಿದಳು.

"ಪ್ರತಿ ವರ್ಷ ಸತ್ತವರ ಹಬ್ಬಕ್ಕೆ ಅವನ ಫೋಟೋ ಮುಂದೆ ನನ್ನ ಕೈಲೇ ಮೇಣದಬತ್ತಿ ಹಚ್ಚಿಸಿದೆ. ಅಪ್ಪನಂಥ ಗಂಡ ಸಿಗಲಿ ಅಂತ ಬೇಡ್ಕೋ ಅಂದೆ. ಬೇಡ್ಕೊಂಡೆ ಕಣಮ್ಮ. ಹಾಗೇ ಬೇಡ್ಕೊಂಡೆ."

ಬಸ್ಸು ಬಂತು. ಮಾರಿಬೆಲ್ ಮೊದಲು ಹತ್ತಿ, ಒಬ್ಬರೇ ಕೂರುವ ಸೀಟು ನೋಡಿ ಕೂತಳು.